ಭಾವ ತಿರುಗಿಸಿದ ಸ್ಕ್ರೂ

ನಮ್ಮ ಭಾವನನ್ನು ಗ್ಯಾರೇಜ್ ಬೀದಿಯವರೆಲ್ಲ ಕರೆಯುವುದು ಕಿವಿ ಮೇಸ್ತ್ರಿ ಎಂದು. ಕಾರುಗಳಿಗೆ ಕ್ಯಾಸೆಟ್ ರೇಡಿಯೋ ಹಾಕುವುದು ಅವರ ಕಸುಬು. ಗಾಡಿ ಇನ್ನೂ ಬೀದಿಯ ತಿರುವಿನಲ್ಲಿರುವಾಗಲೇ ಅದರ ಎಡಗಡೆ ಸ್ಪೀಕರಿಗೆ ತಂತಿ ಉಲ್ಟಾ ಕೊಟ್ಟಿದ್ದಾರೆ ಎಂದು ಕೂತಲ್ಲಿಂದಲೇ ಹೇಳುವಂಥ ಕಿವಿ ಅದು. ಅದೇ ಕಿವಿಗೆ ಅಕ್ಕ ಅಡುಗೆಮನೆಯಿಂದ ಗಂಟಲು ಹರಿದುಕೊಂಡರೂ ಕೇಳಿಸುವುದಿಲ್ಲ. ಆದರೆ ಅವಳು ಬೇರೆ ಯಾರನ್ನಾದರೂ ಹೊಗಳಲಿ ನೋಡಿ, ಪಿಸುಗುಟ್ಟಿದರೂ ಕೇಳಿಸುತ್ತದೆ.

ಹೊಟ್ಟೆಕಿಚ್ಚಿನಲ್ಲಿ ಭಾವನನ್ನು ಮೀರಿಸುವವರನ್ನು ನಾನಂತೂ ಕಂಡಿಲ್ಲ. ಹಲ್ಲಿನ ಡಾಕ್ಟರು ಒಮ್ಮೆ ಅಕ್ಕನಿಗೆ, ಇಷ್ಟು ಚೆಂದದ ಹಲ್ಲು ಅಪರೂಪ ಎಂದುಬಿಟ್ಟರು. ಅಷ್ಟಕ್ಕೇ ಮನೆಮಂದಿಯೆಲ್ಲ ಡಾಕ್ಟರನ್ನು ಬದಲಾಯಿಸಬೇಕಾಯಿತು. ನನ್ನ ಹಲ್ಲಿನ ಬಗ್ಗೆ ಅವರು ಏನೂ ಹೇಳಿರಲಿಲ್ಲ. ಆದರೂ ನಾನೂ ಬದಲಾಯಿಸಿದೆ. ಹಾಗಂತ ಭಾವ ಕೂಗಾಡುವವರಲ್ಲ, ಅಕ್ಕನನ್ನು ಒಂದು ಮಾತು ಅಂದವರೂ ಅಲ್ಲ. ಸಿಟ್ಟು ಬಂದರೆ ಮುಖ ಊದಿಸಿಕೊಂಡು ಸ್ಕ್ರೂಡ್ರೈವರ್ ಹಿಡಿದು ಮೂಲೆ ಸೇರುತ್ತಾರೆ. ಕೆಟ್ಟಿಲ್ಲದ ಇಸ್ತ್ರಿಪೆಟ್ಟಿಗೆಯನ್ನೂ ಬಿಚ್ಚಿ ಹರವಿಕೊಂಡಿದ್ದರೆ ಆ ದಿನ ಯಾರೋ ಅಕ್ಕನ ಜೊತೆ ನಗುತ್ತ ಮಾತಾಡಿದ್ದಾರೆ ಎಂದೇ ಅರ್ಥ.

ಕೇಳಿದರೆ ಮಾತ್ರ ಒಪ್ಪುವುದಿಲ್ಲ. "ನನಗೆ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ. ಅದೆಲ್ಲ ಸಣ್ಣತನ," ಎನ್ನುತ್ತಾರೆ, ಇಸ್ತ್ರಿಪೆಟ್ಟಿಗೆಯ ಸ್ಕ್ರೂ ಬಾಯಲ್ಲಿಟ್ಟುಕೊಂಡೇ.

ಇದನ್ನೆಲ್ಲ ನಾನು ಮನೆಗೆ ಬಂದು ನನ್ನ ಗಂಡನಿಗೆ ನಕ್ಕೊಂಡು ಹೇಳುವುದು ವಾಡಿಕೆ. ನನ್ನ ಗಂಡ ಟೈಲರ್. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಸಾಧು ಮನುಷ್ಯ, ಮಿಷನ್ ತುಳಿಯುತ್ತ ಹೂಂಗುಟ್ಟುತ್ತಾರೆ, ಕೊನೆಗೆ, "ಪಾಪ, ಅವರಿಗ್ಯಾಕೆ ಅಷ್ಟೊಂದು ಚಿಂತೆ," ಎಂದು ದಾರ ಕತ್ತರಿಸುತ್ತಾರೆ. ಅಕ್ಕನಿಗಿಂತ ನಾನೇ ಪುಣ್ಯವಂತೆ ಎಂದು ನಾನು ಅಂದುಕೊಳ್ಳುತ್ತಿದ್ದದ್ದು ಆಗಲೇ.

ನಾನು ಕೂರುವುದು ಭಾವನ ಅಂಗಡಿಗೆ ಸರಿಯಾಗಿ ಎದುರು, ಗಾಡಿಗಳ ಬಿಡಿಭಾಗ ಮಾರುವ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ. ಹಾಗಾಗಿ ರೇಡಿಯೋ ಪ್ರಸಂಗ ಮೊದಲಿಂದ ಕೊನೆಯವರೆಗೆ ನನ್ನ ಕಣ್ಣೆದುರೇ ನಡೆಯಿತು.

ಅಕ್ಕ ಓಡಿಸುವುದು ಶಾಲೆಯ ವ್ಯಾನು. ಮಧ್ಯಾಹ್ನ ಅಡುಗೆ ಮುಗಿಸಿ, ಮಕ್ಕಳನ್ನು ಕರೆತರಲು ಹೊರಡುವ ಮೊದಲು ಅಡುಗೆಮನೆಯ ಪುಟ್ಟ ರೇಡಿಯೋ ಹಾಕುತ್ತಾಳೆ. ದೂರದ ಸ್ಟೇಷನ್ನೊಂದರಲ್ಲಿ ಆ ಹೊತ್ತಿಗೆ ಒಬ್ಬ ಮನುಷ್ಯ ಮಾತಾಡುತ್ತಾನೆ. ಹಾಡು ಹಾಕುತ್ತಾನೆ, ನಡುನಡುವೆ ಹವಾಮಾನ, ನೆಗಡಿಗೆ ಮನೆಮದ್ದು, ಹೀಗೆ ಏನಾದರೊಂದು. ಹೇಳಿಕೊಳ್ಳುವಂಥ ವಿಷಯವಿಲ್ಲ, ಆದರೆ ದನಿ ಮಾತ್ರ ಬೆಣ್ಣೆ. ಶುರುವಿನಲ್ಲೇ, "ಊಟ ಆಯ್ತಾ?" ಎಂದು ಕೇಳಿ ಸುಮ್ಮನಾಗುತ್ತಾನೆ. ಉತ್ತರಕ್ಕೆ ಕಾಯುವವನ ಹಾಗೆ.

ಒಂದು ದಿನ ಅಕ್ಕ ಪಾತ್ರೆ ಒರೆಸುತ್ತ, "ಆಯ್ತು," ಎಂದುಬಿಟ್ಟಳು. ಭಾವ ಪಕ್ಕದ ಕೋಣೆಯಲ್ಲಿ ಕೈ ತೊಳೆಯುತ್ತಿದ್ದರು.

ಅಲ್ಲಿಂದ ಶುರುವಾಯಿತು. ಆ ಮನುಷ್ಯನಿಗೆ ನಾನು ‘ಊಟ ಆಯ್ತಾ’ ಎಂದೇ ಹೆಸರಿಟ್ಟಿದ್ದೆ. ಭಾವನ ಎದುರು ಬೇಕಂತಲೇ, "ಇವತ್ತು ಊಟ ಆಯ್ತಾ ಏನಂದ್ರು ಅಕ್ಕಾ?" ಎಂದು ಕೆಣಕುತ್ತಿದ್ದೆ. ಭಾವನ ಕಿವಿಯ ತುದಿ ಕೆಂಪಾಗುತ್ತಿತ್ತು. ಮುಖ ನೋಡದ, ಹೆಸರು ಗೊತ್ತಿಲ್ಲದ, ಎಲ್ಲೋ ಒಂದು ಕೋಣೆಯಲ್ಲಿ ಕೂತು ಮಾತಾಡುವ ಗಂಡಸಿನ ಮೇಲೆ ಹೊಟ್ಟೆ ಉರಿದುಕೊಳ್ಳುವವರು ಇವರೊಬ್ಬರೇ ಇರಬೇಕು.

ಕಾರ್ಯಕ್ರಮದ ನಡುವೆಯೇ ಅಕ್ಕ ವ್ಯಾನು ತೆಗೆಯಬೇಕಿತ್ತು. ಅರ್ಧ ಮಾತಿಗೆ ಎದ್ದು ಹೋಗುವುದು ಅವಳಿಗೆ ಬೇಸರ. "ರೀ, ಊರಿಗೆಲ್ಲ ಹಾಕಿಕೊಡ್ತೀರಿ, ನನ್ನ ವ್ಯಾನಿಗೂ ಒಂದು ರೇಡಿಯೋ ಹಾಕಬಾರ್ದಾ?" ಎಂದು ಕೇಳುತ್ತಲೇ ಇದ್ದಳು. ಭಾವ ನಾಳೆ ಎನ್ನುತ್ತಿದ್ದರು. ಆ ನಾಳೆ ಬರುವ ಲಕ್ಷಣವೇ ಇರಲಿಲ್ಲ.

ಅದನ್ನು ಬರಿಸಿದವನು ಇಸ್ತ್ರಿ ಎಂಬವನು. ಗ್ರೀಸು ಮೆತ್ತಿಕೊಳ್ಳುವ ಬೀದಿಯಲ್ಲಿ ಮಡಿಕೆ ಮುರಿಯದ ಅಂಗಿ ತೊಟ್ಟು ಓಡಾಡುತ್ತಿದ್ದುದರಿಂದ ಅವನಿಗೆ ಆ ಹೆಸರು. ಬೀದಿಯ ಆ ಕೊನೆಯಲ್ಲಿ ಅವನೂ ಕಾರು ರೇಡಿಯೋ ಹಾಕುವ ಅಂಗಡಿ ತೆರೆದಿದ್ದ. ಗಾಜಿನ ಬಾಗಿಲು, ಒಳಗೆ ಬಣ್ಣದ ದೀಪ. ಒಂದು ಬೆಳಿಗ್ಗೆ ಅಕ್ಕ ವ್ಯಾನು ನಿಲ್ಲಿಸಿ ಚಹಾ ಕುಡಿಯುತ್ತಿದ್ದಾಗ ಅವನು ಬಂದು, "ಏನಕ್ಕಾ, ಮೇಸ್ತ್ರಿ ಮನೆಯವರ ಗಾಡೀಲೇ ಹಾಡಿಲ್ವಲ್ಲ. ಬಿಡಿ, ನಾನೇ ಹಾಕಿಕೊಡ್ತೀನಿ," ಎಂದ.

ಭಾವನಿಗೆ ಅಲ್ಲಿಂದ ಇಲ್ಲಿಗೆ ಕೇಳಿಸಿತು ಎಂದು ಬೇರೆ ಹೇಳಬೇಕಿಲ್ಲ. ಶಾಲೆಗೆ ರಜೆ ಬಂದದ್ದೇ ತಡ, ವ್ಯಾನು ಅವರ ಅಂಗಡಿಯ ಮುಂದೆ ನಿಂತಿತ್ತು, ಡ್ಯಾಶ್‌ಬೋರ್ಡ್ ಬಿಚ್ಚಿತ್ತು.

ಭಾವ ಕೆಲಸ ಮಾಡುವುದನ್ನು ನೋಡಲು ಚೆಂದ. ಇದನ್ನು ನಾನು ಅವರ ಮುಖಕ್ಕೆ ಎಂದೂ ಹೇಳಿಲ್ಲ. ಸೀಟಿನ ಮೇಲೆ ಹಳೆ ಬೆಡ್‌ಶೀಟು ಹಾಸಿ, ಬೆನ್ನ ಮೇಲೆ ಮಲಗಿ, ತಲೆಯನ್ನು ಡ್ಯಾಶ್‌ಬೋರ್ಡಿನ ಕೆಳಗೆ ತೂರಿಸುತ್ತಾರೆ. ಕೆಂಪು ತಂತಿ ಕೀಲಿಯ ಕಡೆಗೆ, ಕೀಲಿ ತಿರುಗಿಸಿದರೆ ಮಾತ್ರ ರೇಡಿಯೋಗೆ ಜೀವ. ಕಪ್ಪು ತಂತಿ ಗಾಡಿಯ ಮೈಗೆ, ಬಣ್ಣ ಕೆರೆದು ತಗಡು ಹೊಳೆಯುವ ಜಾಗಕ್ಕೆ. ನಡುವೆ ಫ್ಯೂಸು. ಸ್ಪೀಕರ್ ಎರಡೂ ಬಾಗಿಲಿನೊಳಗೆ, ಗಾಜು ಇಳಿಸಿದರೆ ತಾಗದ ಹಾಗೆ. ಒಂದೊಂದು ಗಂಟಿಗೂ ಟೇಪು ಸುತ್ತಿ ಬೆರಳಿನಿಂದ ಎಳೆದು ನೋಡುತ್ತಾರೆ.

ಆ ದಿನ ಫ್ಯೂಸು ಕೊಡಲು ನಾನೇ ರಸ್ತೆ ದಾಟಿ ಹೋಗಿದ್ದೆ. "ಕಂಡೆನ್ಸರ್ ಬೇಡ್ವಾ ಭಾವ?" ಎಂದೆ. ಇಂಜಿನ್ ಓಡುವಾಗ ರೇಡಿಯೋದಲ್ಲಿ ಚಟಪಟ ಸದ್ದು ಬರದಂತೆ ತಡೆಯುವ ಹೆಬ್ಬೆರಳು ಗಾತ್ರದ ಸಾಮಾನು ಅದು. ಅದಿಲ್ಲದೆ ಭಾವ ಯಾವ ಗಾಡಿಯನ್ನೂ ಕಳಿಸಿದವರಲ್ಲ.

"ಇದಕ್ಕೆ ಬೇಡ," ಎಂದರು.

ಕೊನೆಯ ಕೆಲಸ ಒಂದಿದೆ. ಸ್ಟೇಷನ್ ಹಿಡಿಯುವ ಬಲಗಡೆ ನಾಬನ್ನು ಕಿತ್ತರೆ ಅದರ ಹಿಂದೆ ಒಂದು ಸಣ್ಣ ಸ್ಕ್ರೂ. ಕೆಲಸದವರು ಅದಕ್ಕೆ ಟ್ರಿಮ್ಮರ್ ಎನ್ನುತ್ತಾರೆ. ದೂರದ ಸ್ಟೇಷನ್ ಒಂದನ್ನು ಹಿಡಿದಿಟ್ಟು ಆ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋದರೆ ಒಂದು ಕಡೆ ದನಿ ತಟ್ಟನೆ ತುಂಬಿಕೊಳ್ಳುತ್ತದೆ. ಅಲ್ಲಿ ಕೈ ಬಿಡಬೇಕು. ದಾಟಿದರೆ ದೂರದ ಸ್ಟೇಷನ್ ಹೋಯಿತು, ಬರೀ ಸರಸರ. ಹತ್ತಿರದ್ದು ಮಾತ್ರ ಎಂದಿನಂತೆ ಬರುತ್ತದೆ. ಆ ಸ್ಕ್ರೂ ತಿರುಗಿಸುವಾಗ ಭಾವ ಕಣ್ಣು ಮುಚ್ಚಿಕೊಳ್ಳುತ್ತಾರೆ. ಇಷ್ಟು ವರ್ಷ ಎದುರಿಗೆ ಕೂತು ನೋಡಿದ್ದೇನೆ, ಒಂದು ಗಾಡಿಗೂ ತಪ್ಪಿಲ್ಲ.

ಆ ದಿನ ಅವರ ಕಣ್ಣು ತೆರೆದಿತ್ತು. ಕಣ್ಣಿಗೆ ಧೂಳು ಬಿದ್ದೀತು ಎಂದಷ್ಟೇ ಅಂದುಕೊಂಡು ನಾನು ನನ್ನ ಗಲ್ಲಾಕ್ಕೆ ಮರಳಿದೆ.

ಅಕ್ಕನಿಗೆ ಹಬ್ಬವೋ ಹಬ್ಬ. ಭಾವ ಪಕ್ಕದಲ್ಲಿ ಕೂತು ಹೇಳಿಕೊಟ್ಟರು. ಎಡಗಡೆ ನಾಬು ದನಿಗೆ, ಬಲಗಡೆದು ಸ್ಟೇಷನ್ನಿಗೆ. ಕ್ಯಾಸೆಟ್ ತಳ್ಳಿದರೆ ರೇಡಿಯೋ ತಾನೇ ಸುಮ್ಮನಾಗುತ್ತದೆ. ಗಾಡಿ ನಿಲ್ಲಿಸುವ ಮೊದಲು ಕ್ಯಾಸೆಟ್ ಹೊರಗೆ ತೆಗೆಯಬೇಕು, ಇಲ್ಲದಿದ್ದರೆ ಟೇಪು ರಬ್ಬರ್ ಗಾಲಿಗೆ ಅಂಟಿಕೊಂಡು ಸುಕ್ಕಾಗುತ್ತದೆ. "ರೇಡಿಯೋಗಿಂತ ಕ್ಯಾಸೆಟ್ಟೇ ಕೇಳು. ಕ್ಲಿಯರ್ ಇರುತ್ತೆ," ಎಂದು ತಾವೇ ಹಾಡು ತುಂಬಿದ ಒಂದು ಕ್ಯಾಸೆಟ್ಟನ್ನೂ ಕೊಟ್ಟರು. ನಾನು ಅದನ್ನು ಎರಡೂ ಬದಿ ಕೇಳಿದೆ. ಒಂದೇ ಒಂದು ಗಂಡು ದನಿ ಇಲ್ಲ. ಹಾಡುವವರೆಲ್ಲ ಹೆಂಗಸರು, ಉಳಿದಿದ್ದಕ್ಕೆ ಕೊಳಲು.

ಶಾಲೆ ಶುರುವಾಗಿ ವಾರ ಕಳೆಯುವಷ್ಟರಲ್ಲಿ ಅಕ್ಕನ ಮುಖ ಬಾಡಿತ್ತು. ನ್ಯೂಸ್ ಬರುತ್ತೆ, ಪೇಟೆ ಧಾರಣೆ ಬರುತ್ತೆ, ಅವರೊಬ್ಬರು ಬರಲ್ಲ ಎಂದಳು.

"ಆ ಸ್ಟೇಷನ್ ದೂರ," ಎಂದರು ಭಾವ, ತಟ್ಟೆಯಿಂದ ತಲೆ ಎತ್ತದೆ.

"ಅಡುಗೆಮನೆ ಡಬ್ಬಿಗೆ ಬರೋದು, ನೀವು ಹಾಕಿದ ಅಷ್ಟು ದೊಡ್ಡ ರೇಡಿಯೋಗೆ ಬರಲ್ವಾ?"

"ಗಾಡಿ ಅಂದ್ರೆ ಸುತ್ತ ತಗಡು. ದನಿ ಒಳಗೆ ಬರಬೇಕಲ್ಲ."

ಹಾಲು ಕುಡಿದ ಬೆಕ್ಕಿನ ಹಾಗಿದ್ದರು ಆ ದಿನಗಳಲ್ಲಿ ಭಾವ. ಬಿಚ್ಚಿದ್ದ ಇಸ್ತ್ರಿಪೆಟ್ಟಿಗೆ ತಾನಾಗಿಯೇ ಜೋಡಣೆಯಾಯಿತು. ಅಂಗಡಿಯಲ್ಲಿ ಶಿಳ್ಳೆ ಹಾಕುತ್ತ ಕೆಲಸ ಮಾಡುತ್ತಿದ್ದರು.

ಒಂದು ಮಧ್ಯಾಹ್ನ ಭಾವ ಯಾರದೋ ಮನೆಗೆ ಕಾರು ನೋಡಲು ಹೋಗಿದ್ದರು. ಅಕ್ಕ ಬಂದಳು, ಬೀಗ ಹಾಕಿದ ಅಂಗಡಿ ನೋಡಿದಳು, ವ್ಯಾನನ್ನು ನೇರ ಇಸ್ತ್ರಿಯ ಗಾಜಿನ ಬಾಗಿಲಿಗೆ ಓಡಿಸಿದಳು. ಕಿವಿ ಮೇಸ್ತ್ರಿಯ ಹೆಂಡತಿ, ಕಿವಿ ಮೇಸ್ತ್ರಿ ಹಾಕಿದ ರೇಡಿಯೋ, ಅದೂ ಇಸ್ತ್ರಿಯ ಕೈಗೆ. ಊಟದ ಹೊತ್ತು, ಡ್ರೈವರುಗಳೆಲ್ಲ ಚಹಾದ ಅಂಗಡಿಯ ಬೆಂಚಿನ ಮೇಲಿದ್ದರು.

ಇಸ್ತ್ರಿ ನಾಬು ಕಿತ್ತ. ಸ್ಕ್ರೂ ತಿರುಗಿಸಿದ. "ಊಟ ಆಯ್ತಾ?" ಎಂಬ ದನಿ ಬೀದಿಗೆ ಬಂದು ಬಿತ್ತು.

"ಟ್ರಿಮ್ಮರ್ ಈ ಕೊನೇಲಿದೆ ಅಕ್ಕಾ. ದನಿ ಇರೋದು ಆ ಕೊನೇಲಿ. ಮೇಸ್ತ್ರಿಗೆ ವಯಸ್ಸಾಯ್ತು, ಕಿವಿ ಮಂದ ಆಗಿರಬೇಕು," ಎಂದ ಇಸ್ತ್ರಿ, ಬೆಂಚಿನವರಿಗೂ ಕೇಳುವಂತೆ.

ಅದೇ ಹೊತ್ತಿಗೆ ಭಾವ ಸಾಮಾನಿನ ಪೆಟ್ಟಿಗೆ ಹಿಡಿದು ತಿರುವಿನಲ್ಲಿ ಬಂದರು. ತಮ್ಮ ಹೆಂಡತಿಯ ವ್ಯಾನು, ಇಸ್ತ್ರಿಯ ಅಂಗಡಿ, ಬೆಣ್ಣೆಯಂಥ ಆ ದನಿ. ಮೂರನ್ನೂ ಒಟ್ಟಿಗೇ ಕಂಡು ಅಲ್ಲೇ ನಿಂತುಬಿಟ್ಟರು. ಒಬ್ಬ ಮನುಷ್ಯನಿಗೆ ಒಂದೇ ಸಲಕ್ಕೆ ಅಷ್ಟು ಹೊಟ್ಟೆಕಿಚ್ಚು ಆಗಬಾರದು.

"ಟ್ರಿಮ್ಮರ್ ಮರೆತಿದ್ರಿ ಮೇಸ್ತ್ರಿ," ಎಂದ ಇಸ್ತ್ರಿ.

ಭಾವನ ಮುಂದೆ ಎರಡೇ ದಾರಿ. ಬೇಕೆಂದೇ ಕೆಡಿಸಿದೆ ಎನ್ನಬೇಕು, ಇಲ್ಲವೇ ಕೆಲಸ ಬಾರದವನು ಎನ್ನಿಸಿಕೊಳ್ಳಬೇಕು. ಬೆಂಚಿನವರು ಚಹಾದ ಲೋಟ ಕೆಳಗಿಟ್ಟು ಕಾಯುತ್ತಿದ್ದರು.

"ಮರೆತಿರಬೇಕು," ಎಂದು ಭಾವ ಅಂಗಡಿಯ ಬೀಗ ತೆಗೆದರು.

ಹೆಸರು ಮಾಡಲು ಎಷ್ಟು ವರ್ಷ ಬೇಕು, ಕೆಡಿಸಿಕೊಳ್ಳಲು ಒಂದು ಊಟದ ಹೊತ್ತು ಸಾಕಾಯಿತು. ಡ್ರೈವರುಗಳು ಭಾವನ ಜೊತೆ ಜೋರಾಗಿ ಮಾತಾಡತೊಡಗಿದರು. ಕೆಲವರು ತಮಾಷೆಗೆ, ಕೆಲವರು ನಿಜವಾಗಿಯೂ ಪಾಪ ಎನ್ನಿಸಿ. ಬಿಳಿ ಮೀಸೆಯ ಟ್ಯಾಕ್ಸಿಯವರು, ಭಾವನ ಹೊರತು ಇನ್ನೊಬ್ಬರಿಗೆ ಬಾನೆಟ್ ಎತ್ತಲು ಬಿಡದವರು, ಒಂದು ದಿನ ನಮ್ಮ ಎದುರಿನಿಂದಲೇ ತಲೆ ತಗ್ಗಿಸಿಕೊಂಡು ಇಸ್ತ್ರಿಯ ಅಂಗಡಿಗೆ ಹೋದರು. ಭಾವ ಸ್ಟೂಲಿನ ಮೇಲೆ ಕೂತು ನೋಡಿದರು. ಶಿಳ್ಳೆ ನಿಂತಿತ್ತು.

ಅಕ್ಕ ನನ್ನ ಗಲ್ಲಾಕ್ಕೆ ಬಂದು ಮೊಣಕೈ ಊರಿದಳು. "ನಿಮ್ಮ ಭಾವನಿಗೆ ನಿಜವಾಗ್ಲೂ ಕಿವಿ ಕೇಳ್ತಿಲ್ವೇನೇ?"

"ನಿನ್ನ ವಿಷ್ಯದಲ್ಲಿ ಅವರಿಗೆ ಗೋಡೆ ಆಚೆದೂ ಕೇಳುತ್ತೆ," ಎಂದೆ. ಆಮೇಲೆ, ಟ್ರಿಮ್ಮರ್ ತಿರುಗಿಸುವಾಗ ಕಣ್ಣು ತೆರೆದಿದ್ದದ್ದು, ಕಂಡೆನ್ಸರ್ ಬೇಡವೆಂದದ್ದು ಎಲ್ಲ ಹೇಳಿದೆ.

ಅವಳು ಮೊದಲು ನಕ್ಕಳು. ಆಮೇಲೆ ಸಿಟ್ಟಾದಳು. "ಕಿವುಡ ಅನ್ನಿಸ್ಕೊಂಡ್ರೂ ಸರಿ, ಹೊಟ್ಟೆಕಿಚ್ಚಿಗೆ ಮಾಡಿದೆ ಅಂತ ಬಾಯಿ ಬಿಡಲ್ಲ ನೋಡು. ಆ ಮನುಷ್ಯ ನನ್ನನ್ನ ಏನು ಕೇಳ್ತಾನೆ? ಊಟ ಆಯ್ತಾ ಅಂತಾನೆ. ಇವರು ಕೇಳಿದ್ದು ಯಾವಾಗ, ನೀನೇ ಹೇಳು." ಸೆರಗಿನಲ್ಲಿ ಮೂಗು ಒರೆಸಿಕೊಂಡು ಎದುರಂಗಡಿ ನೋಡಿದಳು. ಭಾವ ಸ್ಟೂಲಿನ ಮೇಲೆ ಕೈಕಟ್ಟಿ ಕೂತಿದ್ದರು, ಎದುರಿಗೆ ಒಂದು ಗಾಡಿಯೂ ಇರಲಿಲ್ಲ. "ಆದ್ರೂ ಇದು ಅತಿಯಾಯ್ತು," ಎಂದಳು. ಯಾವುದು ಎಂದು ನಾನು ಕೇಳಲಿಲ್ಲ.

ಮರುದಿನ ಮಧ್ಯಾಹ್ನ, ಬೆಂಚು ತುಂಬಿರುವ ಹೊತ್ತು ನೋಡಿಯೇ ಅಕ್ಕ ವ್ಯಾನು ತಂದು ಭಾವನ ಅಂಗಡಿಯ ಮುಂದೆ ನಿಲ್ಲಿಸಿದಳು. ಇಂಜಿನ್ ಆರಿಸಲಿಲ್ಲ. ರೇಡಿಯೋದಲ್ಲಿ ಅವನ ದನಿಯ ಮೇಲೆ ಚಟಪಟ, ಚಟಪಟ.

"ರೀ, ಇಲ್ಲಿ ಬನ್ನಿ," ಎಂದು ಇಡೀ ಬೀದಿಗೆ ಕೇಳುವಂತೆ ಕರೆದಳು. "ಆ ಗಾಜಿನ ಅಂಗಡಿಯವರು ಇಂಜಿನ್ ಆರಿಸಿಕೊಂಡು ರಿಪೇರಿ ಮಾಡಿದ್ರು. ಓಡಿಸಿದ್ರೆ ಈ ಗೋಳು. ನಿಮ್ಮ ಕೈಲೇ ಆಗಬೇಕು ಇದು."

ಬೆಂಚಿನವರು ಒಬ್ಬೊಬ್ಬರಾಗಿ ಎದ್ದು ಬಂದರು. ಗಾಜಿನ ಬಾಗಿಲು ತೆರೆದುಕೊಂಡು ಇಸ್ತ್ರಿಯೂ ಬಂದ. ಭಾವ ಅಕ್ಕನ ಮುಖ ನೋಡಿದರು. ಎಲ್ಲ ಗೊತ್ತಾಗಿದೆ ಎಂದು ಅವರಿಗೆ ಆಗಲೇ ಗೊತ್ತಾಗಿರಬೇಕು. ಹೆಸರು ಉಳಿಯಬೇಕಾದರೆ ಆ ದನಿಯನ್ನು ತಮ್ಮ ಕೈಯಾರೆ ಸರಿ ಮಾಡಬೇಕು. ಅದು ಸರಿಯಾದಷ್ಟೂ ಅವರ ಹೊಟ್ಟೆ ಉರಿಯಬೇಕು. ನಮ್ಮಕ್ಕನ ಶಿಕ್ಷೆ ಎಂದರೆ ಹೀಗೆ.

"ಒಂದು ಕಂಡೆನ್ಸರ್ ಕೊಡಮ್ಮಾ," ಎಂದು ರಸ್ತೆಯ ಆಚೆಯಿಂದ ನನ್ನ ಕಡೆ ಕೈ ಚಾಚಿದರು.

ಬಾನೆಟ್ ಎತ್ತಿ ಅದನ್ನು ಕೂರಿಸಿದರು. ಏರಿಯಲ್ ಕಡ್ಡಿಯ ಬುಡದ ನಟ್ಟು ಬಿಚ್ಚಿ ಅಲ್ಲಿ ಉಳಿದಿದ್ದ ಬಣ್ಣ ಕೆರೆದು ಮತ್ತೆ ಬಿಗಿದರು. ಚಟಪಟ ನಿಂತಿತು. ಆಮೇಲೆ ಒಳಗೆ ಕೂತು, ನಾಬು ಕಿತ್ತು, ಸ್ಕ್ರೂಡ್ರೈವರಿನ ತುದಿಯನ್ನು ಸ್ಕ್ರೂವಿಗಿಟ್ಟರು. ಭಾವ ಕಣ್ಣು ಮುಚ್ಚಿಕೊಂಡರು.

ಇಸ್ತ್ರಿ ಕೇಳಿಸಿದ್ದು ರೇಡಿಯೋದಲ್ಲಿ ಮಾತಾಡುವ ಮನುಷ್ಯನನ್ನು. ಈಗ ಭಾವ ಕೇಳಿಸಿದ್ದು, ರೇಡಿಯೋ ಬಿಟ್ಟು ಮುಂದಿನ ಸೀಟಿನಲ್ಲೇ ಬಂದು ಕೂತಂತಿದ್ದ ಅದೇ ಮನುಷ್ಯನನ್ನು. ಅವನು ಉಗುಳು ನುಂಗಿದ್ದೂ ಗೊತ್ತಾಗುವಷ್ಟು ಸ್ವಚ್ಛ. ಬಿಳಿ ಮೀಸೆಯವರು ಕಿಟಕಿಗೆ ತಲೆ ಹಾಕಿ ಕೇಳಿ, "ಕಿವಿ ಅಂದ್ರೆ ಇದಪ್ಪ," ಎಂದರು. ಇಸ್ತ್ರಿ ತೋಳಿನ ಮಡಿಕೆ ಸರಿಮಾಡಿಕೊಳ್ಳುತ್ತ ಹೊರಟುಹೋದ. ಬೀದಿಯಲ್ಲಿ ಆ ದನಿ ಕೇಳಿ ಖುಷಿಯಾಗದವರು ಅವರಿಬ್ಬರೇ, ಇಸ್ತ್ರಿ ಮತ್ತು ಭಾವ. ಭಾವನ ಕಿವಿಯ ತುದಿ ಕೆಂಪಾಗಿತ್ತು.

"ಆಯ್ತು. ಕೇಳ್ಕೋ," ಎಂದು ಅವರು ಇಳಿಯಲು ಹೋದರು.

ಅಕ್ಕ ಎಡಗಡೆ ನಾಬು ತಿರುಗಿಸಿ ರೇಡಿಯೋ ಆರಿಸಿಬಿಟ್ಟಳು. "ಇಳೀಬೇಡಿ. ಶಾಲೆವರೆಗೂ ಬನ್ನಿ."

"ಯಾಕೆ, ಅವನ ಮಾತು ಬೇಡ್ವಾ?"

"ಅವರು ಊರಿಗೆಲ್ಲ ಮಾತಾಡ್ತಾರೆ. ನನ್ನೊಬ್ಬಳ ಹತ್ರ ಮಾತಾಡೋರು ಯಾರಾದ್ರೂ ಇದ್ದಾರಾ ನೋಡೋಣ."

ನನಗೂ ಊಟದ ಬಿಡುವಿತ್ತು, ನಮ್ಮ ಮನೆ ಶಾಲೆಯ ದಾರಿಯಲ್ಲೇ. ಕರೆಯದಿದ್ದರೂ ಹಿಂದಿನ ಸೀಟು ಹತ್ತಿದೆ. ಪ್ರಸಂಗದ ಕೊನೆ ಬಿಟ್ಟುಕೊಡುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

ಭಾವ ಮುಂದೆ ನೋಡುತ್ತ ಕೂತಿದ್ದರು. ಪೆಟ್ರೋಲ್ ಬಂಕ್ ದಾಟಿತು. ಅಂಚೆ ಕಚೇರಿ ದಾಟಿತು. ಕೊನೆಗೆ ಬಾಯಿಬಿಟ್ಟರು: "ಹಿಂದಿನ ಬಾಗಿಲು ಗಲಗಲ ಅನ್ನುತ್ತೆ. ರಬ್ಬರ್ ಹೋಗಿದೆ."

"ಅದು ಗಾಡಿ ಸಮಾಚಾರ," ಎಂದಳು ಅಕ್ಕ.

ಭಾವ ಸ್ಕ್ರೂಡ್ರೈವರನ್ನು ಬೆರಳುಗಳ ನಡುವೆ ತಿರುಗಿಸುತ್ತಿದ್ದರು. ಹಿಂದಿನಿಂದ ನನಗೆ ಕಾಣುತ್ತಿದ್ದದ್ದು ಅವರ ಕತ್ತು, ಆ ಕಿವಿ. ತಿರುವು ಬಂತು, ಅಕ್ಕ ಗೇರು ಬದಲಿಸಿದಳು.

"ಊಟ ಮಾಡಿದ್ಯಾ?" ಎಂದರು ಭಾವ. ಒರಟು ದನಿ, ಬೆಣ್ಣೆಯ ಸುಳಿವೂ ಇಲ್ಲ.

"ಇಲ್ಲ," ಎಂದಳು ಅಕ್ಕ.

"ನಾನೂ ಇಲ್ಲ."

ಅಕ್ಕ ನಗಲಿಲ್ಲ, ಆದರೆ ವ್ಯಾನು ನಿಧಾನವಾಯಿತು. ಭಾವ ಮತ್ತೆ, ತಲೆ ಆಚೆ ತಿರುಗಿಸಿಕೊಂಡು, "ಅವನು ಕೇಳಿದ್ರೆ ಆಯ್ತು ಅಂತೀಯ," ಎಂದರು. ಹೊಟ್ಟೆಕಿಚ್ಚು ಎಂದು ಭಾವ ಬಾಯಿಬಿಟ್ಟು ಒಪ್ಪಿಕೊಂಡದ್ದು ಇದೊಂದೇ ಸಲ. ಅಕ್ಕ ಗೇರಿನ ಮೇಲಿದ್ದ ಕೈಯನ್ನು ತೆಗೆದು ಅವರ ತೊಡೆಯ ಮೇಲೆ ತಟ್ಟಿದಳು, ಮಗುವಿಗೆ ತಟ್ಟಿದ ಹಾಗೆ. ಹಿಂದೆ ನಾನೊಬ್ಬಳು ಕೂತಿದ್ದೇನೆ ಎನ್ನುವುದು ಇಬ್ಬರಿಗೂ ಮರೆತುಹೋಗಿತ್ತು. ನನ್ನ ಮನೆಯ ಮುಂದೆ ನಿಲ್ಲಿಸಲು ನಾನೇ ಕೂಗಬೇಕಾಯಿತು.

ಇಳಿದು ನಿಂತವಳಿಗೆ ಎದೆಯೊಳಗೆ ಏನೋ ಚುಚ್ಚಿತು. ಏನೆಂದು ಆಗ ಹೊಳೆಯಲಿಲ್ಲ. ಭಾವನ ಹೊಟ್ಟೆಕಿಚ್ಚನ್ನು ಆಡಿಕೊಂಡು ನಕ್ಕವಳು ನಾನು. ಅಕ್ಕನ ಕಿವಿಗೆ ಇನ್ನೊಬ್ಬನ ದನಿ ಬೀಳಬಾರದೆಂದು ಒಬ್ಬ ಮನುಷ್ಯ ತನ್ನ ಹೆಸರನ್ನೇ ಹಾಳು ಮಾಡಿಕೊಂಡ. ನನಗಾಗಿ ಯಾರು ಏನನ್ನು ಕೆಡಿಸಿದ್ದಾರೆ?

ಮರುದಿನ ಊಟಕ್ಕೆ ಮನೆಗೆ ಬಂದಾಗ ಬೇಕೆಂದೇ ರೇಡಿಯೋ ಹಾಕಿದೆ. ಅದೇ ಸ್ಟೇಷನ್. ನನ್ನ ಗಂಡ ಮುಂದಿನ ಕೋಣೆಯಲ್ಲಿ ಯಾರದೋ ಪ್ಯಾಂಟಿಗೆ ಅಂಚು ಹೊಲಿಯುತ್ತಿದ್ದರು, ನಡುವೆ ಬಾಗಿಲು ತೆರೆದಿತ್ತು.

"ಊಟ ಆಯ್ತಾ?" ಎಂದಿತು ರೇಡಿಯೋ.

"ಆಯ್ತು ರೀ," ಎಂದೆ ನಾನು, ಎಷ್ಟು ಮೆತ್ತಗೆ ಸಾಧ್ಯವೋ ಅಷ್ಟು ಮೆತ್ತಗೆ, ಆದರೆ ಮುಂದಿನ ಕೋಣೆಗೆ ಕೇಳುವಂತೆ.

ಮಿಷನ್ ನಿಂತಿತು.

"ಯಾರಿಗೆ ಹೇಳಿದೆ?" ಎಂದರು ಅಲ್ಲಿಂದ.

"ರೇಡಿಯೋದವರಿಗೆ. ಎಷ್ಟು ಚೆನ್ನಾಗಿ ಮಾತಾಡ್ತಾರೆ ಅಲ್ವಾ? ಕೇಳ್ತಾನೇ ಇರೋಣ ಅನ್ನಿಸುತ್ತೆ."

ನಾನು ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದುಕೊಂಡು ನಿಂತಿದ್ದೆ.

"ಹೌದಾ," ಎಂದರು ನನ್ನ ಗಂಡ. ಮಿಷನ್ ಮತ್ತೆ ಓಡತೊಡಗಿತು. "ಹಾಗಾದ್ರೆ ಸ್ವಲ್ಪ ಜೋರು ಮಾಡು. ನನಗೂ ಕೇಳ್ಲಿ."